ಗ್ಯಾರೇಜಿನಲ್ಲಿ ಕೆಡದ ಎಂಜಿನ್

ಸಿಂಗಪುರದ ಆಂಗ್ ಮೋ ಕಿಯೋದ ಬೆವರಿಳಿಸುವ ಮಧ್ಯಾಹ್ನ. ಇಲ್ಲಿನ ಕಾರ್ಖಾನೆಯೊಂದರಲ್ಲಿ ನನ್ನ ಗೆಳತಿ ಗಿರಿಜಾ ಸ್ನೋಮೊಬೈಲ್ ಎಂಜಿನ್‌ಗಳ ದೋಷ ಹುಡುಕುತ್ತಾಳೆ. ಹಿಮದ ಮೇಲೆ ಸ್ಕೂಟರಿನಂತೆ ಓಡುವ ಗಾಡಿ ಅದು.

ಅವಳು ಹಿಮನಾಡಿನಷ್ಟೇ ಚಳಿ ಇರಿಸಿದ್ದ ಕೋಲ್ಡ್ ರೂಮಿನ ಗಾಜಿನಾಚೆ ಓಡುತ್ತಿದ್ದ ಎಂಜಿನ್ ತೋರಿಸಿದಳು. ನಾರ್ವೆಯಲ್ಲಿ ಅದು ನಡುದಾರಿಯಲ್ಲಿ ನಿಂತು, ಮಾಲೀಕ ಚಳಿಗೆ ಸತ್ತಿದ್ದ.

"ಪಾಪ, ಮುಂಚೇನೇ ಕಂಪ್ಲೇಂಟ್ ಮಾಡಿದ್ರು ಕಣೇ. ಗ್ಯಾರೇಜಿಗೆ ತಂದಾಗೆಲ್ಲ ಸರಿಯಾಗೇ ಸ್ಟಾರ್ಟ್ ಆಗ್ತಿತ್ತಂತೆ. ನಿಮಗೇ ಓಡಿಸೋಕೆ ಬರಲ್ಲ ಅಂತ ಗ್ಯಾರೇಜಿನವರು ಕಳಿಸಿಬಿಟ್ರಂತೆ."

ಅಷ್ಟರಲ್ಲಿ ಎಂಜಿನ್ ಕೆಮ್ಮಿ ನಿಂತಿತು. ಗಿರಿಜಾ ದಪ್ಪ ಕೋಟು ತೊಟ್ಟು ಒಳಗೆ ಹೋಗಿ ಬಿಚ್ಚಿ ನೋಡಿದಳು. ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಮಂಜುಗಡ್ಡೆ ಕಟ್ಟಿತ್ತು. ಗ್ಯಾರೇಜಿನ ಬೆಚ್ಚನೆಯಲ್ಲಿ ಅದು ಕರಗಿಹೋಗುತ್ತಿತ್ತು. ಹಾಗಾಗಿ ಯಾರಿಗೂ ದೋಷ ಸಿಕ್ಕಿರಲಿಲ್ಲ.

"ಅವರ ವೈಫ್ ಕಾಯ್ತಿದಾರೆ" ಎಂದು ಅವಳು ತಕ್ಷಣ ಫೋನ್ ಮಾಡಿದಳು. ತಪ್ಪು ನಿಮ್ಮ ಗಂಡನದಲ್ಲ, ಎಂಜಿನ್ನಿನದು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು.

"ಅವರು ನನಗೂ ಅದನ್ನೇ ಹೇಳುತ್ತಿದ್ದರು" ಎಂದಿತು ಸ್ಪೀಕರಿನಲ್ಲಿ ಆ ಹೆಂಗಸಿನ ದನಿ. "ನಾನೂ ನಂಬಲಿಲ್ಲ."