ಪ್ರಮಿಳಕ್ಕನ ಏಳು ಸೀಡಿ

ನನ್ನ ಅಕ್ಕ ತ್ರಿವೇಣಿಯ ಕುತ್ತಿಗೆಯ ನಡುವೆ ಎಂಟಾಣೆ ಅಗಲದ ಒಂದು ಕಲೆ ಇದೆ. ಆಸ್ಪತ್ರೆಯಲ್ಲಿ ಕೊಯ್ದ ಕಲೆ ಅದು. ಅಲ್ಲಿ ಕೊಯ್ಯದಿದ್ದರೆ ಅಕ್ಕ ಇವತ್ತು ಇರುತ್ತಿರಲಿಲ್ಲ. ಅವಳನ್ನು ಅಲ್ಲಿಯವರೆಗೆ ಕರೆದುಕೊಂಡು ಹೋದವಳು ಅವಳ ನಾದಿನಿ ಪ್ರಮಿಳಾ. ನಾನು ಬರೆಯುತ್ತಿರುವುದು ಈ ಪ್ರಮಿಳಕ್ಕನ ಬಗ್ಗೆ. ಬೆಳಗಾವಿಯ ಅನಗೋಳದಲ್ಲಿದ್ದ ಅವರ ಮನೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಆಗ ನಾನು ಖಾನಾಪುರದಲ್ಲಿ ನಮ್ಮಪ್ಪನ ಹತ್ತಿರ ಇದ್ದೆ. ಅದಕ್ಕೇ ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ ಬರೆದಿದ್ದೇನೆ. ಇಬ್ಬರ ಮಾತು ಕೂಡದ ಕಡೆ ಕೂಡಲಿಲ್ಲ ಎಂದೇ ಹೇಳಿದ್ದೇನೆ.

ಪ್ರಮಿಳಕ್ಕನ ತಂದೆ ಭರಮಪ್ಪ ಬೆಳಗಾವಿಯಲ್ಲಿ ಸರಕಾರಿ ಆಫೀಸಿನ ಜವಾನರಾಗಿದ್ದರು. ಅವರ ಅಪ್ಪ ಕುರಿ ಕಾಯ್ದವರು. ಮಗಳು ಡಾಕ್ಟರ್ ಆಗಬೇಕೆಂದು ಅವರಿಗೆ ಬಹಳ ಆಸೆ. ಇಲ್ಲಿ ಸೀಟು ಸಿಗಲಿಲ್ಲ, ರಷ್ಯಾಕ್ಕೆ ಕಳಿಸಿದರು. ಅವಳು ಅಲ್ಲಿ ಮೂರನೇ ವರ್ಷ ಓದುತ್ತಿದ್ದಾಗ ಅವರು ತೀರಿಕೊಂಡರು. ಆಮೇಲೆ ಓದಿಸಿದವನು ಅಣ್ಣ ಬಾಳೇಶ. ಅವನು ಗೂಡ್ಸ್ ಟೆಂಪೋ ಹೊಡೆಯುತ್ತಿದ್ದ, ಖಾನಾಪುರದ ಹೆಂಚಿನ ಫ್ಯಾಕ್ಟರಿಯಿಂದ ಬೆಳಗಾವಿಗೆ ಮಾಲು ತರುತ್ತಿದ್ದ. ನನ್ನ ಅಕ್ಕನನ್ನು ಮೊದಲು ನೋಡಿದ್ದೂ ಆ ಫ್ಯಾಕ್ಟರಿಯ ಗೇಟಿನಲ್ಲೇ. ನಮ್ಮಪ್ಪ ಬೀರಣ್ಣ ಅಲ್ಲಿ ವಾಚ್‌ಮನ್.

ಪ್ರಮಿಳಕ್ಕ 2001ರ ಕೊನೆಗೆ ಡಿಗ್ರಿ ತಗೊಂಡು ಬಂದಳು. ಬಾಳೇಶ ಟೆಂಪೋಕ್ಕೆ ಹೂವಿನ ಹಾರ ಹಾಕಿ ಸ್ಟೇಷನ್ನಿಗೆ ಹೋಗಿದ್ದ. 'ಡಾ. ಪ್ರಮಿಳಾ ಭರಮಪ್ಪ' ಎಂದು ತಗಡಿನ ಬೋರ್ಡು ಬರೆಸಿದ್ದ. ಆದರೆ ಅಷ್ಟರಲ್ಲಿ ಹೊಸ ನಿಯಮ ಬಂದಿತ್ತು. ಹೊರದೇಶದಲ್ಲಿ ಓದಿದವರು ದಿಲ್ಲಿಯವರು ನಡೆಸುವ ಪರೀಕ್ಷೆಯಲ್ಲಿ ಪಾಸಾಗದೆ ಒಬ್ಬ ರೋಗಿಯನ್ನೂ ಮುಟ್ಟುವ ಹಾಗಿರಲಿಲ್ಲ. ಬೋರ್ಡು ಮುಖ ತಿರುಗಿಸಿಕೊಂಡು ಪಡಸಾಲೆಯ ಗೋಡೆಗೆ ನಿಂತಿತು. ಪ್ರಮಿಳಕ್ಕ ಪರೀಕ್ಷೆಗೆ ಕೂತಳು, ಫೇಲಾದಳು. ಮತ್ತೆ ಕೂತಳು, ಮತ್ತೆ ಫೇಲಾದಳು.

ಅವಳು ದಡ್ಡಿ ಅಲ್ಲ. ಆರು ವರ್ಷ ಎಲ್ಲವನ್ನೂ ರಷ್ಯನ್ ಭಾಷೆಯಲ್ಲಿ ಕಲಿತಿದ್ದಳು. ರೋಗ ಗೊತ್ತು, ಔಷಧ ಗೊತ್ತು, ಆದರೆ ಇಂಗ್ಲಿಷಿನ ದಪ್ಪ ಪುಸ್ತಕದಲ್ಲಿ ಅದು ಯಾವ ಪಾಠದಲ್ಲಿದೆ ಎಂದು ಹುಡುಕುವುದರಲ್ಲೇ ದಿನ ಮುಗಿಯುತ್ತಿತ್ತು. ಆಗ ಜೊತೆಗೆ ಓದಿದ ಗೆಳತಿಯೊಬ್ಬಳು ಪುಣೆಯಿಂದ ಏಳು ಸೀಡಿ ಕಳಿಸಿದಳು. ಒಂದೊಂದರಲ್ಲಿ ಒಂದೊಂದು ಇಡೀ ಪುಸ್ತಕ. ಬಾಳೇಶ ಹಳೇ ಕಂಪ್ಯೂಟರ್ ಒಂದನ್ನು ತಂದು ಅವಳ ಖೋಲಿಯಲ್ಲಿಟ್ಟ. ಒಂದು ಪದ ಟೈಪ್ ಮಾಡಿ ಒತ್ತಿದರೆ ಆ ಪದ ಪುಸ್ತಕದಲ್ಲಿ ಎಲ್ಲೆಲ್ಲಿ ಬಂದಿದೆಯೋ ಅಷ್ಟೂ ಸಾಲಾಗಿ ಬರುತ್ತಿತ್ತು. ಪ್ರಮಿಳಕ್ಕ ಪಾಠ ಬಿಟ್ಟು ಪದ ಹಿಡಿದು ಓದತೊಡಗಿದಳು. ಇವತ್ತು 'ಬಾವು' ಎಂದರೆ ಏಳೂ ಸೀಡಿಯಲ್ಲಿ ಬಾವು ಬಂದ ಜಾಗಗಳನ್ನೆಲ್ಲ ಓದುವಳು. ಶಸ್ತ್ರಚಿಕಿತ್ಸೆಯವರು ಏನೆನ್ನುತ್ತಾರೆ, ಕಿವಿ-ಮೂಗು-ಗಂಟಲಿನವರು ಏನೆನ್ನುತ್ತಾರೆ, ಪೋಸ್ಟ್‌ಮಾರ್ಟಮ್ ಮಾಡುವವರು ಏನೆನ್ನುತ್ತಾರೆ, ಎಲ್ಲವನ್ನೂ ಒಂದು ಹಾಳೆಗೆ ಇಳಿಸುವಳು. ಓಣಿಯ ಕಾಶವ್ವ ಹಾಲು ಕೊಡಲು ಬಂದಾಗ, "ಇವತ್ತ ಯಾವ ರೋಗ ಹಿಡದಿಯವ್ವ?" ಎಂದು ನಗುತ್ತಿದ್ದಳಂತೆ.

ಆ ಖೋಲಿಗೂ ಬಾಳೇಶನ ಖೋಲಿಗೂ ನಡುವೆ ಒಂದೇ ಇಟ್ಟಿಗೆಯ ಗೋಡೆ.

ಬಾಳೇಶ ಹೆಂಡತಿಯನ್ನು ಹೊಡೆಯುತ್ತಿದ್ದ. ಬೆಲ್ಟಿನಿಂದ ಹೊಡೆದ. ಟೆಂಪೋದ ಹಗ್ಗದಿಂದ ಹೊಡೆದ. ಒಮ್ಮೆ ಅವಳ ಅಂಗೈಯನ್ನು ಕಾದ ರೊಟ್ಟಿಹಂಚಿನ ಮೇಲೆ ಒತ್ತಿ ಹಿಡಿದ. ಒಮ್ಮೆ ಕೂದಲು ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಜಜ್ಜಿದ, ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದವು. ಮನೆಯಲ್ಲಿ ತಂಗಿಯ ಮೇಲೆ ಮಾತ್ರ ಎಂದೂ ಕೈ ಎತ್ತಲಿಲ್ಲ. ಊಟಕ್ಕೆ ಕೂತಾಗ ಮೊದಲ ರೊಟ್ಟಿ ಅವಳ ತಾಟಿಗೇ ಹಾಕಿಸುತ್ತಿದ್ದ.

ಪ್ರಮಿಳಕ್ಕನಿಗೆ ಎಲ್ಲ ಕೇಳುತ್ತಿತ್ತು. ಅವಳೇ ನನಗೆ ಹೇಳಿದ್ದು: "ಸೀಡಿ ತಿರುಗೂ ಸಪ್ಪಳ ಗರ್ರ್ ಅಂತ ಜೋರ ಇತ್ತು. ಆ ಕಡೆ ಹೊಡತ ಸುರು ಆತು ಅಂದ್ರ ನಾ ಇನ್ನೊಂದು ಪದ ಹೊಡೀತಿದ್ದೆ." ಮಾರನೇ ದಿನ ಮುಲಾಮು ಹಿಡಿದು ಅಕ್ಕನ ಹತ್ತಿರ, ಅವಳ ಮಾತಿನಲ್ಲಿ ವೈನಿಯ ಹತ್ತಿರ, ಬರುತ್ತಿದ್ದಳು. ಹೊಡೆತದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

2003ರ ಆಗಸ್ಟ್, ಗುರುವಾರ ಬೆಳಿಗ್ಗೆ. ಮೂರನೇ ಪರೀಕ್ಷೆಗೆ ಹನ್ನೊಂದು ದಿನ ಇತ್ತು. ಬಾಳೇಶ ಖಾನಾಪುರಕ್ಕೆ ಹೊರಡುವ ಮೊದಲು ಊಟಕ್ಕೆ ಕೂತಿದ್ದ. ಅಕ್ಕ ಪಿಯುಸಿ ಓದಿದವಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಒಂದು ಕೈಯಲ್ಲಿ ಹಳೇ ಪ್ರಶ್ನೆಪತ್ರಿಕೆ ಹಿಡಿದು ಓದುತ್ತಿದ್ದಳು, ಬಾಗಿಲಲ್ಲಿ ಕೂತ ಪ್ರಮಿಳಕ್ಕ ಉತ್ತರ ಹೇಳುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

"ಏ, ರೊಟ್ಟಿ ಸುಡಾಕತ್ತೈತಿ. ಕಣ್ಣಿಲ್ಲೇನ?"

"ಒಂದ ಪ್ರಶ್ನಿ ಉಳದೈತ್ರಿ."

"ಪರೀಕ್ಷಾ ನಿಂದೋ ಅಕಿದೋ?"

ಅಕ್ಕ ನಕ್ಕುಬಿಟ್ಟಳು. "ನಾ ಕುಂತಿದ್ರ ಒಂದ ಸಲಕ್ಕ ಪಾಸ್ ಆಗತಿದ್ದೆ" ಎಂದಳು. ಇದು ತಮಾಷೆಯ ಮಾತು, ಪ್ರಮಿಳಕ್ಕನೂ ನಕ್ಕಳು. ಬಾಳೇಶ ನಗಲಿಲ್ಲ.

"ನಮ್ಮ ತಂಗೀನ ಆಡಿಕೋತಿ?" ಎಂದವನೇ ತಾಟನ್ನು ಅಕ್ಕನ ಮುಖಕ್ಕೆ ಬೀಸಿದ. ತುಟಿ ಒಡೆಯಿತು. ಅವಳು ಎದ್ದಳು, ಅವನು ಹೊಟ್ಟೆಗೆ ಒದ್ದ. ಅವಳು ಹಿಟ್ಟಿನ ಪರಾತದ ಮೇಲೆ ಬಿದ್ದಳು. ಅವನು ಎದೆಯ ಮೇಲೆ ಮಂಡಿಯೂರಿ ಎರಡೂ ಕೈಯಿಂದ ಕುತ್ತಿಗೆ ಹಿಡಿದು, ಹೆಬ್ಬೆರಳುಗಳನ್ನು ಗಂಟಲಿನ ಉಬ್ಬಿನ ಮೇಲೆ ಒತ್ತಿದ. ಅಕ್ಕನ ಕಾಲು ನೆಲ ಬಡಿಯುತ್ತಿದ್ದವು, ಉಗುರಿನಿಂದ ಅವನ ಮುಂಗೈ ಪರಚಿದಳು. ಅವನು ಬಿಡಲಿಲ್ಲ. ಕಣ್ಣು ಮೇಲಾದವು. ಕಾಲು ನಿಂತವು. ಒಳಗೆ ಕಟ್ ಎಂದು ಏನೋ ಮುರಿದ ಸಪ್ಪಳ ಬಂತು ಎಂದು ಅಕ್ಕ ಹೇಳುತ್ತಾಳೆ. ತನಗೆ ಕೇಳಲಿಲ್ಲ ಎಂದು ಪ್ರಮಿಳಕ್ಕ ಹೇಳುತ್ತಾಳೆ. "ಅಣ್ಣಾ" ಎಂದು ಚೀರಿದೆ ಎನ್ನುತ್ತಾಳೆ ಪ್ರಮಿಳಕ್ಕ. ತನಗೆ ಅದು ಕೇಳಿಲ್ಲ ಎನ್ನುತ್ತಾಳೆ ಅಕ್ಕ.

ಅಂತೂ ಅವನು ಬಿಟ್ಟ. ಕೈ ತೊಳೆದ. ಬುಟ್ಟಿಯಲ್ಲಿದ್ದ ಎರಡು ರೊಟ್ಟಿ ಒಂದು ಕಾಗದದಲ್ಲಿ ಸುತ್ತಿಕೊಂಡು ಹೋದ. ಟೆಂಪೋ ಚಾಲೂ ಆದ ಸದ್ದು ಕೇಳಿತು.

ಸ್ವಲ್ಪ ಹೊತ್ತಿಗೆ ಅಕ್ಕನಿಗೆ ಎಚ್ಚರವಾಯಿತು. ಎದ್ದು ಕೂತಳು. ನೀರು ಕುಡಿದಳು, ನುಂಗುವಾಗ ಮುಖ ಕಿವುಚಿತು, ಕೆಮ್ಮಿದಾಗ ರಕ್ತದ ಎಳೆ ಬಂತು. "ಏನೂ ಆಗಿಲ್ಲ" ಎಂದಳು. ಆದರೆ ಆ ದನಿ ಅವಳದಾಗಿರಲಿಲ್ಲ, ಮರ ಉಜ್ಜಿದ ಹಾಗಿತ್ತು. ಅಷ್ಟು ಹೇಳಿ ಚೆಲ್ಲಿದ ಹಿಟ್ಟು ಬಳಿಯತೊಡಗಿದಳು.

ಪ್ರಮಿಳಕ್ಕ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಓದಲಿಕ್ಕೇ ಹೋದೆ ಎಂದು ಅವಳೇ ಒಪ್ಪುತ್ತಾಳೆ. ಆದರೆ ಆ ದನಿ ಕಿವಿಯಲ್ಲಿತ್ತು. 'ಕುತ್ತಿಗೆ ಹಿಸುಕುವುದು' ಅವಳಿಗೆ ಮೊದಲೇ ಬಾಯಿಪಾಠ. ಅದು ಬರುವುದು ಪೋಸ್ಟ್‌ಮಾರ್ಟಮ್ಮಿನ ಪುಸ್ತಕದಲ್ಲಿ, ಅಲ್ಲಿ ಎಲ್ಲರೂ ಸತ್ತವರೇ. ಬದುಕಿ ಎದ್ದು ಹಿಟ್ಟು ಬಳಿಯುವವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಆದ್ದರಿಂದ ಅವಳು 'ದನಿ ಒಡೆಯುವುದು' ಎಂಬ ಪದ ಹಾಕಿದಳು. ಒಂದಾದ ಮೇಲೆ ಒಂದು ಸೀಡಿ ಬದಲಿಸಿದಳು. ನೆಗಡಿ, ಕ್ಯಾನ್ಸರು, ಥೈರಾಯ್ಡು ಎಲ್ಲ ಬಂದವು. ಐದನೇ ಸೀಡಿ ಗಂಟಲಿನದು. ಅದರಲ್ಲಿ ಕುತ್ತಿಗೆಗೆ ಪೆಟ್ಟು ಬಿದ್ದವರ ಬಗ್ಗೆ ಒಂದು ಸಣ್ಣ ಭಾಗ ಸಿಕ್ಕಿತು: ದನಿ ಒಡೆದು, ನುಂಗಲು ನೋವಾಗಿ, ರಕ್ತ ಕೆಮ್ಮಿದರೆ ಧ್ವನಿಪೆಟ್ಟಿಗೆ ಮುರಿದಿರಬಹುದು. ಮೊದಲ ಕೆಲವು ತಾಸು ರೋಗಿ ಚೆನ್ನಾಗಿಯೇ ಕಾಣಬಹುದು. ಆಮೇಲೆ ಒಳಗೆ ಊತ ಬಂದು ಉಸಿರಿನ ದಾರಿ ಮುಚ್ಚಬಹುದು. ಚರ್ಮದ ಕೆಳಗೆ ಗಾಳಿ ಸೇರಿದೆಯೇ ಎಂದು ಕೈಯಿಟ್ಟು ನೋಡಿರಿ.

ಅವಳು ಅಡುಗೆಮನೆಗೆ ಬಂದು ಅಕ್ಕನ ಕುತ್ತಿಗೆಯ ಮೇಲೆ ಎರಡು ಬೆರಳಿಟ್ಟು ಒತ್ತಿದಳು. ಚುರುಮುರಿ ಪೊಟ್ಟಣ ಒತ್ತಿದ ಹಾಗೆ ಚರ್ಮದ ಕೆಳಗೆ ಪರಪರ ಎಂದಿತು.

"ವೈನಿ, ಏಳು. ದವಾಖಾನಿಗೆ ಹೋಗೂಣು."

ಅಕ್ಕ ಬೇಡವೆಂದು ಕೈ ಮಾಡಿದಳು. ಅತ್ತೆ ಭರಮವ್ವ ಹಿತ್ತಲಿನಿಂದ ಬಂದು ಬಾಗಿಲಿಗೆ ಅಡ್ಡ ನಿಂತಳು. "ಹುಚ್ಚಿ, ದವಾಖಾನಿಗೆ ಹೋದ್ರ ಪೊಲೀಸ್ರು ಬರ್ತಾರ. ನಿಮ್ಮಣ್ಣನ್ನ ಹಿಡಕೊಂಡು ಹೋಗ್ತಾರ. ಅಂವ ಹೋದ್ರ ನೀ ಎಲ್ಲಿ ಕುಂತು ಓದ್ತಿ? ಹನ್ನೊಂದ ದಿನ ಸುಮ್ನಿರು."

"ಹನ್ನೊಂದ ದಿನ ಇಕಿ ಇರೂದಿಲ್ಲ."

"ನೀ ಏನ್ ದೊಡ್ಡ ಡಾಕ್ಟರ್? ಎರಡ ಸಲ ಫೇಲ್!"

ಈ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ತಾನು ಅಲ್ಲಿ ಒಂದು ಗಳಿಗೆ ನಿಂತೆ ಎಂದು ಪ್ರಮಿಳಕ್ಕ ಹೇಳಿದಳು. ಆಮೇಲೆ ತಾಯಿಯನ್ನು ನೂಕಿದಳು. ಭರಮವ್ವ ಹೊಸ್ತಿಲಿಗೆ ಬಿದ್ದು ಮೊಣಕೈ ತರಚಿಕೊಂಡಳು.

ರಿಕ್ಷಾದವನು ಮರಾಠಿಯವನು. ಕನ್ನಡಿಯಲ್ಲಿ ಅಕ್ಕನ ಒಡೆದ ತುಟಿ ನೋಡಿ "ಕಾಯ್ ಝಾಲಂ ತಾಈ, ಏನಾತು?" ಎಂದ. "ಗಂಡ ಕುತ್ತಿಗಿ ಹಿಚಕ್ಯಾನ. ಲಗೂ ನಡೀರಿ" ಎಂದಳು ಪ್ರಮಿಳಕ್ಕ. ಎರಡು ವರ್ಷದಲ್ಲಿ ಅವಳು ಇದನ್ನು ಹೊರಗಿನವರಿಗೆ ಹೇಳಿದ್ದು ಅದೇ ಮೊದಲು.

ದೊಡ್ಡ ಆಸ್ಪತ್ರೆಯಲ್ಲಿ ಡ್ಯೂಟಿಯ ಮೇಲಿದ್ದ ಡಾಕ್ಟರು ಅವಳಿಗಿಂತ ಚಿಕ್ಕವರು. ಅಕ್ಕ ತಾನೇ ನಡೆದು ಬಂದಿದ್ದು ನೋಡಿ, "ತುಟಿಗೆ ಹೊಲಿಗಿ ಹಾಕಿ ಕಳಸ್ತೀವಿ" ಎಂದರು.

"ಸರ್, ಭರ್ತಿ ಮಾಡ್ಕೋರಿ. ಉಸಿರಿನ ದಾರಿ ಮುಚ್ಚತೈತಿ."

"ನೀವು ಡಾಕ್ಟರೇನು?"

"ರಷ್ಯಾದಾಗ ಓದೀನಿ. ಇಲ್ಲಿ ಪಾಸ್ ಆಗಿಲ್ಲ."

"ಹಂಗಾದ್ರ ಡಾಕ್ಟರಲ್ಲ."

"ಅಲ್ಲರೀ. ಆದ್ರ ನೀವು ಇಲ್ಲೊಂದ ಸಲ ಬೆರಳಿಡ್ರಿ."

ಅವರು ಬೇಸರದಿಂದಲೇ ಬೆರಳಿಟ್ಟರು. ಒತ್ತಿದರು. ಇನ್ನೊಂದು ಸಲ ಒತ್ತಿದರು. ಆಮೇಲೆ ಓಡುತ್ತಾ ಹೋಗಿ ದೊಡ್ಡ ಡಾಕ್ಟರನ್ನು ಕರೆತಂದರು. ಒಂದು ತಾಸಿನೊಳಗೆ ಅಕ್ಕ ಉಸಿರು ಎಳೆದರೆ ಶಿಳ್ಳೆಯಂಥ ಸಪ್ಪಳ ಬರತೊಡಗಿತು. ತುಟಿ ನೀಲಿಯಾಯಿತು. ಮಂಚದ ಕಬ್ಬಿಣ ಹಿಡಿದು ಎದ್ದೆದ್ದು ಬೀಳುತ್ತಿದ್ದಳು, ಇಬ್ಬರು ನರ್ಸುಗಳು ತೋಳು ಒತ್ತಿ ಹಿಡಿದರು. ಅಲ್ಲೇ ಕುತ್ತಿಗೆ ಕೊಯ್ದು ನಳಿಗೆ ಹಾಕಿದರು. ರಕ್ತ ಚಿಮ್ಮಿ ಡಾಕ್ಟರ ಕನ್ನಡಕಕ್ಕೆ ಹಾರಿತು. ಆಮೇಲೆ ನಳಿಗೆಯಿಂದ ಗಾಳಿ ಬುಸ್ಸೆಂದಿತು, ಅಕ್ಕ ಸುಮ್ಮನಾದಳು.

ರಿಜಿಸ್ಟರಿನಲ್ಲಿ ಬರೆಯುವವರು ಹೇಗಾಯಿತು ಎಂದು ಕೇಳಿದರು. ಅಷ್ಟರಲ್ಲಿ ಬಂದಿದ್ದ ಭರಮವ್ವ, "ನೀರ ಸೇದೂವಾಗ ಬಿದ್ದಾಳ್ರಿ" ಎಂದಳು. ಅವರು ಪ್ರಮಿಳಕ್ಕನ ಮುಖ ನೋಡಿದರು.

"ಬಾಳೇಶ ಭರಮಪ್ಪ. ನಮ್ಮಣ್ಣ. ಬರಕೋರಿ" ಎಂದಳು ಅವಳು.

ಬಾಳೇಶ ಸಂಜೆ ಬಂದ. ವಾರ್ಡಿನ ಹೊರಗೆ ಪ್ರಮಿಳಕ್ಕನನ್ನು ಕಂಡು, "ನಿನ್ನ ಓದಿಸಿದ್ದು ಇದಕ್ಕೇನ?" ಎಂದು ಮುಷ್ಟಿಯಿಂದ ಬಾಯಿಗೆ ಹೊಡೆದ. ಎರಡು ಹಲ್ಲು ಬಿದ್ದವು. ಅವಳು ವಾರ್ಡಿನ ಬಾಗಿಲ ಚಿಲಕ ಹಿಡಿದುಕೊಂಡಳು. ಅವನು ಬೆನ್ನಿಗೆ ಒದ್ದ, ಜಡೆ ಹಿಡಿದು ಎಳೆದ, ಅವಳು ಚಿಲಕ ಬಿಡಲಿಲ್ಲ. ಅವನಿಗೆ ಒಳಗೆ ಹೋಗಬೇಕಿತ್ತು. ಕಡೆಗೆ ವಾರ್ಡ್‌ಬಾಯ್‌ಗಳು ಬಂದು ಬಿಡಿಸಿದರು. ಅವನು ತಪ್ಪಿಸಿಕೊಂಡು ಮನೆಗೆ ಹೋಗಿ ಕಂಪ್ಯೂಟರನ್ನು ಜಾಕಿನ ರಾಡಿನಿಂದ ಒಡೆದ. ಸೀಡಿಗಳನ್ನು ಒಂದೊಂದಾಗಿ ಮಂಡಿಗೆ ಕೊಟ್ಟು ಮುರಿದ. ಅವಳು ಬರೆದಿಟ್ಟ ಹಾಳೆಗಳನ್ನು ಅಂಗಳದಲ್ಲಿ ಸುಟ್ಟ. ಇದನ್ನು ಕಾಶವ್ವ ನೋಡಿ ಹೇಳಿದ್ದು. ಪೊಲೀಸರು ಬಂದಾಗ ಅವನು ಆ ಬೆಂಕಿಯ ಮುಂದೆಯೇ ಕೂತಿದ್ದನಂತೆ.

ಹನ್ನೊಂದನೇ ದಿನ ದಿಲ್ಲಿಯಲ್ಲಿ ಪರೀಕ್ಷೆ ನಡೆಯಿತು. ಆ ಹೊತ್ತಿಗೆ ಪ್ರಮಿಳಕ್ಕ ವಾರ್ಡಿನಲ್ಲಿ ಅಕ್ಕನ ನಳಿಗೆಯ ಕಫ ತೆಗೆಯುತ್ತಿದ್ದಳು. ನಾನೂ ಅಪ್ಪನೂ ಆಗ ಅಲ್ಲಿದ್ದೆವು. ನೀನು ಹೋಗವ್ವ, ನಾವು ನೋಡಿಕೊಳ್ಳುತ್ತೇವೆ ಎಂದು ಅಪ್ಪ ಮೊದಲೇ ಹೇಳಿದ್ದರು. "ಇದು ಕಟ್ಟಿದ್ರ ನಿಮಗ ತಿಳಿಯೂದಿಲ್ಲ ಮಾಮಾ" ಎಂದು ಅವಳು ಕೂತಲ್ಲಿಂದ ಎದ್ದಿರಲಿಲ್ಲ.

ಇಪ್ಪತ್ತಮೂರು ದಿನಕ್ಕೆ ನಳಿಗೆ ತೆಗೆದರು. ಇಬ್ಬರೂ ಖಾನಾಪುರಕ್ಕೆ ನಮ್ಮ ಮನೆಗೇ ಬಂದರು. ಪ್ರಮಿಳಕ್ಕನಿಗೆ ಬೇರೆ ಹೋಗಲು ಜಾಗ ಇರಲಿಲ್ಲ. ಅಕ್ಕನ ದನಿ ಪೂರ್ತಿ ಬರಲಿಲ್ಲ, ಇನ್ನೂ ಪಿಸುಗುಟ್ಟಿದ ಹಾಗೇ ಇದೆ. ಆ ದನಿಯಲ್ಲಿ ಅವಳು ಪ್ರಮಿಳಕ್ಕನಿಗೆ ಮೊದಲು ಹೇಳಿದ ಮಾತು ನನ್ನ ಎದುರೇ ಆಯಿತು. ನಾವೆಲ್ಲ ಅವಳು ಉಪಕಾರದ ಮಾತು ಹೇಳುತ್ತಾಳೆ ಎಂದುಕೊಂಡಿದ್ದೆವು.

"ಎರಡ ವರ್ಷ ನಿನಗ ಕೇಳಸತಿತ್ತು" ಎಂದಳು.

"ಕೇಳಸತಿತ್ತು ವೈನಿ."

"ಕೋರ್ಟಿನಾಗ ಇದನ್ನೂ ಹೇಳ್ತಿಯೇನ?"

ಪ್ರಮಿಳಕ್ಕ ಹೂಂ ಎಂದಳು.

ಮುಂದಿನ ವರ್ಷ ಕೇಸು ನಡೆದಾಗ ನಾನೂ ಹೋಗಿದ್ದೆ. ಬಾಳೇಶನ ಪರ ವಕೀಲರು ಪ್ರಮಿಳಕ್ಕನನ್ನು ಕಟಕಟೆಯಲ್ಲಿ ನಿಲ್ಲಿಸಿ, ನೀವು ಡಾಕ್ಟರೇ ಎಂದು ಕೇಳಿದರು. ಅಲ್ಲ ಎಂದಳು. ಪರೀಕ್ಷೆಯಲ್ಲಿ ಫೇಲಾದವರಲ್ಲವೇ ಎಂದರು. ಹೌದು, ಎರಡು ಸಲ ಎಂದಳು. ಅಣ್ಣನ ಅನ್ನ ಉಂಡವರಲ್ಲವೇ ಎಂದರು. ಅದಕ್ಕೂ ಹೌದೆಂದಳು. ಬಾಳೇಶ ಆ ಕಡೆ ನಿಂತು ಅವಳನ್ನೇ ನೋಡುತ್ತಿದ್ದ.

"ಡಾಕ್ಟರ್ ಅಲ್ಲದವರು ನೀವು ಏನಂತ ಸಾಕ್ಷಿ ಹೇಳ್ತೀರಿ?"

"ಬಾಜು ಖೋಲಿಯಾಗ ಇದ್ದಾಕಿ ಅಂತ ಹೇಳ್ತೀನ್ರಿ. ಬೆಲ್ಟಿನ ಸಪ್ಪಳ ಕೇಳೀನಿ. ತಲಿ ಚೌಕಟ್ಟಿಗೆ ಬಡದದ್ದು ಕೇಳೀನಿ. ಕೈ ಹಂಚಿನ ಮ್ಯಾಲ ಇಟ್ಟಾಗ ಒದರಿದ್ದು ಕೇಳೀನಿ."

"ಎರಡು ವರ್ಷ ಕೇಳಿದ್ರಿ. ಕೇಳಿ ಏನ್ ಮಾಡಿದ್ರಿ?"

ವಕೀಲರು ಅವಳನ್ನು ಸುಳ್ಳುಗಾರ್ತಿ ಮಾಡಲು ಹಾಗೆ ಕೇಳಿದ್ದು. ಪ್ರಮಿಳಕ್ಕ ಜಜ್ಜರ ಕಡೆ ನೋಡಲಿಲ್ಲ, ಅಣ್ಣನ ಕಡೆಯೂ ನೋಡಲಿಲ್ಲ. ಬೆಂಚಿನ ಮೇಲೆ ಕುತ್ತಿಗೆಗೆ ಸೆರಗು ಸುತ್ತಿಕೊಂಡು ಕೂತಿದ್ದ ಅಕ್ಕನನ್ನು ನೋಡಿ ಉತ್ತರ ಕೊಟ್ಟಳು.

"ಓದತಿದ್ದೆ" ಎಂದಳು.