ಎಡಗೈಗೊಂದು ಕುಡುಗೋಲು

ಒಂದು ಕುಕ್ಕರ್ ಕೊಳ್ಳಬೇಕಾದರೂ ಮೊಬೈಲಿನಲ್ಲಿ ಮುನ್ನೂರು ಜನರ ಅಭಿಪ್ರಾಯ ಓದುವವಳು ನಾನು. ಹೊಗಳಿದವರ ಮಾತೆಲ್ಲ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಗುತ್ತದೆ. ಬೈದವನೊಬ್ಬನ ಮಾತು ಮಾತ್ರ ನಿಲ್ಲುತ್ತದೆ. ಆ ಒಂದು ಮಾತು ಯಾರದೋ ಬೆಂಕಿಯನ್ನೇ ಆರಿಸಬಹುದೆಂದು ತಿಳಿದದ್ದು ಎದುರು ಮನೆಯ ವೆಂಕಟೇಶಾಚಾರಿಯವರಿಂದ.

ನಾಗಮಂಗಲದಲ್ಲಿ ಅವರದು ಅಜ್ಜನ ಕಾಲದ ಕುಲುಮೆ. ಅಂಗಡಿಗಳಿಗೆ ಕಾರ್ಖಾನೆಯ ಮಚ್ಚು, ಕುಡುಗೋಲು ಬಂದ ಮೇಲೆ ಕುಲುಮೆಗೆ ಬರುವವರು ಕಡಿಮೆಯಾದರು. ಮಗಳು ವೀಣ ಅಪ್ಪ ಬಡಿದ ದೋಸೆ ಕಾವಲಿಗಳನ್ನು ಆನ್‌ಲೈನಿನಲ್ಲಿ ಮಾರತೊಡಗಿದಳು. ಜನ ಐದೈದು ನಕ್ಷತ್ರ ಕೊಟ್ಟರು. ಕುಲುಮೆ ಮತ್ತೆ ದಿನವೂ ಉರಿಯಿತು. ಅದೇ ಧೈರ್ಯದಲ್ಲಿ ಮೊದಲ ಸಲ ಒಂದು ಕುಡುಗೋಲನ್ನೂ ಮಾರಿದಳು. ಕೊಂಡವರು ದಾವಣಗೆರೆಯ ಮಂಗಳಮ್ಮ. ವಾರದೊಳಗೆ ಒಂದೇ ನಕ್ಷತ್ರ ಬಂತು: ‘ಮೊಂಡು ಕಬ್ಬಿಣ. ಹುಲ್ಲೂ ಕೊಯ್ಯುವುದಿಲ್ಲ. ಯಾರೂ ಕೊಳ್ಳಬೇಡಿ.’

ಕಾವಲಿಗೂ ಆರ್ಡರ್ ನಿಂತುಹೋಯಿತು. ಇಪ್ಪತ್ತು ದಿನ ಕುಲುಮೆಯಲ್ಲಿ ಬೆಂಕಿಯಿಲ್ಲ. ಹೀಗೇ ಆದರೆ ಬಾಗಿಲು ಹಾಕುವುದೊಂದೇ ದಾರಿ.

“ಸಾಣೆ ಹಿಡೀದೆ ಯಾಕಪ್ಪ ಕೊಟ್ಟೆ?” ಶಾಲೆ ಮುಗಿಸಿ ನಾನು ಅವರ ಮನೆಗೆ ಹೋದಾಗ ವೀಣ ಅಳುವಂತಾಗಿದ್ದಳು.

“ಕೈ ನೋಡ್ದೆ ಎಂಗವ್ವ ಸಾಣೆ ಹಿಡಿಯದು? ಬಲಗೈಗೆ ಒಂದು ಮಗ್ಗುಲು, ಎಡಗೈಗೆ ಇನ್ನೊಂದು ಮಗ್ಗುಲು. ಅವ್ರೂರ ಕುಲುಮೇಲಿ ಹಿಡಿಸ್ಕತಾರೆ ಅನ್ಕಂಡೆ.”

ದಾವಣಗೆರೆಯ ಬೀದಿಬೀದಿಯಲ್ಲೂ ಕುಲುಮೆಯಿದೆ ಎಂದು ನಂಬಿದ್ದ ಈ ಮನುಷ್ಯನ ಮೇಲೆ ನನಗೆ ಸಿಟ್ಟೂ ಬಂತು, ಕನಿಕರವೂ ಆಯಿತು.

“ನೆಂಟ್ರತ್ರ ಹತ್ತು ಒಳ್ಳೇ ಮಾತು ಬರುಸ್ಬುಡನ,” ಎಂದಳು ವೀಣ. ಸುಳ್ಳೇಕೆ ಹೇಳಲಿ, ಬರೆಯಲು ಮೊದಲು ಮೊಬೈಲ್ ತೆಗೆದವಳು ನಾನೇ.

ಆಚಾರಿ ಕೆರಳಿದರು. “ಕುಡ್ಲು ಮುಟ್ದೇ ಇರೋರು ಒಗಳದಾ? ಟೀಚರಮ್ಮ, ಬರೀಬೇಕು ಅಂದ್ರೆ ನಾನು ಏಳ್ದಂಗೆ ಬರೀರಿ. ತಪ್ಪು ನಂದೇ ಕಣವ್ವ, ನಿಮ್ದು ಎಡಗೈಯೋ ಬಲಗೈಯೋ ಅಂತ.”

ವೀಣಳ ಖಾತೆಯಿಂದ ಮಂಗಳಮ್ಮನಿಗೆ ಹಾಗೇ ಬರೆದೆ. ಮರುದಿನ ಒಂದೇ ಪದದ ಉತ್ತರ: ‘ಎಡ.’

ಆಚಾರಿ ಹಳೆಯದನ್ನು ವಾಪಸು ಕೇಳಲಿಲ್ಲ. ಹೊಸದನ್ನು ಬಡಿದರು. ತಾವೇ ಎಡಗೈಯಲ್ಲಿ ಹಿಡಿದು ಹಿತ್ತಿಲ ಹುಲ್ಲು ಕೊಯ್ದು ನೋಡಿದರು. ಸಾಲದೆಂದು ಮತ್ತೆ ಸಾಣೆ ಹಿಡಿದರು. ಕಳಿಸಿದ ಮೇಲೆ ಎರಡು ವಾರ ಸದ್ದಿಲ್ಲ. ಆಮೇಲೊಂದು ದಿನ ಮಂಗಳಮ್ಮ ತಮ್ಮ ಹಳೆಯ ಬೈಗುಳದ ಕೆಳಗೇ ಬರೆದಿದ್ದರು: ‘ನನಗೀಗ ಅರವತ್ತೆರಡು. ಚಿಕ್ಕಂದಿನಲ್ಲಿ ಎಡಗೈಗೆ ಕುಡುಗೋಲು ತೆಗೆದುಕೊಂಡರೆ ಅಮ್ಮ ಹೊಡೆಯುತ್ತಿದ್ದಳು. ನಿನ್ನ ಕೈ ಯಾವುದು ಎಂದು ಇವತ್ತಿನವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ.’

ಕೊನೆಯ ಸಾಲನ್ನು ಆಚಾರಿಯವರಿಗೆ ಎರಡು ಸಲ ಓದಿ ಹೇಳಿದೆ.

“ನಕ್ಷತ್ರ ಇನ್ನೂ ಒಂದೇ ಐತಲ್ಲಪ್ಪ. ಬದಲಾಯ್ಸಿ ಅಂತ ಕೇಳನಾ?” ಎಂದಳು ವೀಣ.

“ಬ್ಯಾಡ ಬುಡವ್ವ,” ಎಂದರು ಆಚಾರಿ. “ಮೊದ್ಲು ಕಳ್ಸಿದ್ದು ಅಷ್ಟುಕ್ಕೇ ಲಾಯಕ್ಕು.”

ಆ ವಾರ ಕುಡುಗೋಲಿಗೆ ಮೂರು ಆರ್ಡರ್ ಬಂದವು. ಎರಡರ ಕೆಳಗೆ ‘ಎಡಗೈ’ ಎಂದು ಬರೆದಿತ್ತು. ಆಚಾರಿ ಕುಲುಮೆಗೆ ಇದ್ದಿಲು ಹಾಕಿದರು.