ಇಲ್ಲದ ಮರದ ಹತ್ತಿರ ಎಡಕ್ಕೆ

ಗಣಕಯಂತ್ರಕ್ಕೆ ಏನನ್ನಾದರೂ ಹುಡುಕಲು ಹೇಳಿದಾಗ ತೆರೆಯ ನಡುವೆ ಒಂದು ಪುಟ್ಟ ಚಕ್ರ ಸುತ್ತತೊಡಗುತ್ತದಲ್ಲ, ಅದಕ್ಕೆ ನಿದ್ರೆ ಬರಿಸುವ ಅಸಾಧಾರಣ ಶಕ್ತಿಯಿದೆ. ವೈದ್ಯರ ಮಾತ್ರೆಗಳಿಂದ ಆಗದ್ದು ನನಗೆ ಅದರಿಂದ ಆಗಿದೆ. ಮಧ್ಯಾಹ್ನದ ಊಟ ಮುಗಿಸಿ, ಜಗುಲಿಯ ಕುರ್ಚಿಯಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಹೂಬಿಟ್ಟ ಕಾಫಿ ತೋಟದ ಪರಿಮಳ ತೇಲಿ ಬರುವ ಹೊತ್ತಿನಲ್ಲಿ ಆ ಚಕ್ರವನ್ನೇ ನೋಡುತ್ತ ಕುಳಿತರೆ, ಎಚ್ಚರ ಎಲ್ಲಿ ಮುಗಿದು ಕನಸು ಎಲ್ಲಿ ಆರಂಭವಾಯಿತೆಂದು ಹೇಳುವುದು ಕಷ್ಟ. ಈ ಕೆಲಸಕ್ಕೆ ಟೆಸ್ಟಿಂಗ್ ಎಂದು ಹೆಸರು. ಜೀವನವಿಡೀ ಮಕ್ಕಳಿಗೆ ಕನ್ನಡ ಪಾಠ ಹೇಳಿ, ಅವರು ಪಾಠದ ನಡುವೆ ತೂಕಡಿಸಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನಾನು ಈಗ ತೂಕಡಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದೇನೆ.

ಈ ಉದ್ಯೋಗ ನನಗೆ ಗಂಟುಬಿದ್ದ ಬಗೆಯನ್ನು ಹೇಳಬೇಕು. ನಮ್ಮ ಮಾದಾಪುರದ ಸುತ್ತಮುತ್ತ, ಹಾಸಿಗೆ ಹಿಡಿದವರ ಮನೆಬಾಗಿಲಿಗೆ ನರ್ಸನ್ನು ಕರೆದೊಯ್ಯುವ ಒಂದು ವ್ಯಾನು ಓಡಾಡುತ್ತದೆ. ನನ್ನ ಹೆಂಡತಿ ಸರಸ್ವತಿಯ ಕೊನೆಯ ದಿನಗಳಲ್ಲಿ ಅದು ನಮ್ಮ ಮನೆಗೂ ತಪ್ಪದೆ ಬರುತ್ತಿತ್ತು. ಆಕೆ ಹೋದ ಮೇಲೆ, ವ್ಯಾನಿನವರ ಋಣ ಹೇಗೆ ತೀರಿಸುವುದೆಂದು ನಾನು ಯೋಚಿಸುತ್ತಿದ್ದಾಗ, ಅವರಿಗೆ ತಂತ್ರಾಂಶ ಬರೆದುಕೊಡುವ ಹುದಿಕೇರಿಯ ಹುಡುಗಿ ದೇಚಮ್ಮ ಮನೆಗೆ ಬಂದಳು. ರೋಗಿಯ ಹೆಸರು, ಕಾಯಿಲೆ, ಮನೆಗೆ ಹೋಗುವ ದಾರಿ ಎಲ್ಲವೂ ಕಂಪ್ಯೂಟರಿನಲ್ಲಿವೆ. ಜನ ಆಡುವ ಮಾತಿನಲ್ಲೇ ಯಾವ ಪದ ಕೊಟ್ಟರೂ ಸರಿಯಾದ ಮನೆ ಸಿಗಬೇಕು. ಸಿಗುತ್ತದೋ ಇಲ್ಲವೋ ಎಂದು ಕನ್ನಡ ಬಲ್ಲವರೊಬ್ಬರು ನೋಡಿ ಹೇಳಬೇಕು ಎಂದಳು. ಕನ್ನಡ ಬಲ್ಲವರು ಎಂದ ಕೂಡಲೇ ಉಬ್ಬಿಹೋದ ನಾನು, ಕಂಪ್ಯೂಟರಿನ ಬಗ್ಗೆ ಕೇಳುವುದನ್ನೇ ಮರೆತೆ.

ಮೊದಲ ಎಡವಟ್ಟು ನಾವೆಲ್ಲ ಸೀತಕ್ಕ ಎನ್ನುವ ಸೀತಮ್ಮನದು. ಕಾಲಿನ ಹುಣ್ಣಿಗೆ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಆಗಬೇಕಾದ ಹೆಂಗಸು. ಅವರ ಸೊಸೆ ಫೋನು ಮಾಡಿ, ಮಿಲ್ಲಿನ ಹಿಂದಿನ ಸೀತಮ್ಮ ಎಂದಿದ್ದಾಳೆ. ನಮ್ಮಲ್ಲಿ ಸೀತಮ್ಮಂದಿರಿಗೆ ಬರವಿಲ್ಲ, ಆದರೆ ಮಿಲ್ಲಿನ ಹಿಂದಿನವರು ಒಬ್ಬರೇ. ಕಂಪ್ಯೂಟರ್ ಮಾತ್ರ ಅಂಥವರು ಯಾರೂ ಇಲ್ಲವೆಂದಿತು. ಹೊಸ ಡ್ರೈವರು ಎಲ್ಲ ಸೀತಮ್ಮಂದಿರ ಕ್ಷೇಮ ವಿಚಾರಿಸಿಕೊಂಡು ತಿರುಗಿದ. ಸೀತಕ್ಕ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಸಂಜೆಯವರೆಗೆ ಕಾದರು. ಮರುದಿನ ಹುಣ್ಣಿನಲ್ಲಿ ಕೀವಾಗಿತ್ತು.

ಕಾರಣ ಬಹಳ ಸರಳ. ಆ ಅಕ್ಕಿ ಮಿಲ್ಲು ಎಂದೋ ಮುಚ್ಚಿ, ಈಗ ಅಲ್ಲೊಂದು ಹೋಂಸ್ಟೇ ಎದ್ದಿದೆ. ಶಿಸ್ತಿನ ಗುಮಾಸ್ತರೊಬ್ಬರು ದಾರಿಯ ವಿವರವನ್ನು ಹೋಂಸ್ಟೇಯ ಹಿಂದೆ ಎಂದು ತಿದ್ದಿದ್ದರು. ಆದರೆ ನಮ್ಮೂರಿನಲ್ಲಿ ದಾರಿ ಹೇಳುವ ಪದ್ಧತಿಯೇ ಬೇರೆ. ಇಲ್ಲದ ಮರದ ಹತ್ತಿರ ಎಡಕ್ಕೆ ತಿರುಗಿಸುತ್ತೇವೆ, ಕೊಚ್ಚಿಹೋದ ಕಾಲುಸಂಕದ ಪಕ್ಕ ಬಸ್ಸಿನಿಂದ ಇಳಿಸುತ್ತೇವೆ, ತೋಟದ ಲೆಕ್ಕ ಬರೆದು ಸತ್ತು ಸ್ವರ್ಗ ಸೇರಿದ ರೈಟರ ಕ್ವಾರ್ಟರ್ಸಿನೆದುರು ಕಾಯಲು ಹೇಳುತ್ತೇವೆ. ಹೊರಗಿನವರಿಗೆ ಇದು ಹುಚ್ಚಾಟವೆನಿಸಬಹುದು. ಮಂಜು ಕವಿದ ಬೆಳಿಗ್ಗೆ ಹೇಗೂ ಇರುವುದೂ ಕಾಣದು, ಇಲ್ಲದ್ದೂ ಕಾಣದು. ಎರಡಕ್ಕೂ ನಾವು ಸಮಾನ ಗೌರವ ಕೊಟ್ಟಿದ್ದೇವೆ ಅಷ್ಟೆ.

ರೋಗಿಗಳ ವಿವರವಿಟ್ಟ ದೇಚಮ್ಮನ ಕೋಷ್ಟಕವೂ ನಮ್ಮ ಊರಿನದೇ ಸ್ವಭಾವದ್ದೆಂದು ಆಗ ತಿಳಿಯಿತು. ಅದರಲ್ಲಿ ಒಂದು ಸಾಲನ್ನು ತಿದ್ದಿದರೆ ಹಳೆಯ ಸಾಲು ಅಳಿದುಹೋಗುವುದಿಲ್ಲ. ತನ್ನ ತಾರೀಖಿನೊಂದಿಗೆ ಹಿಂದಿನ ಇನ್ನೊಂದು ಕೋಷ್ಟಕಕ್ಕೆ ಸರಿದು ಕೂರುತ್ತದೆ. ಪೂರ್ವಜನ್ಮದ ನೆನಪುಳ್ಳವರನ್ನು ಜಾತಿಸ್ಮರರೆನ್ನುತ್ತಾರಲ್ಲ, ಇದು ಜಾತಿಸ್ಮರ ಕೋಷ್ಟಕ. ಆದರೆ ಹುಡುಕಾಟ ಮಾತ್ರ ಈ ಜನ್ಮದ ಸಾಲುಗಳನ್ನಷ್ಟೇ ನೋಡುತ್ತಿತ್ತು. ಹಿಂದಿನದನ್ನೂ ನೋಡುವಂತೆ ಮಾಡಮ್ಮ ಎಂದು ನಾನು ಸಲಹೆ ಕೊಟ್ಟೆ, ದೊಡ್ಡ ವಿಜ್ಞಾನಿಯ ಠೀವಿಯಲ್ಲಿ. ಅವಳು ಮಾಡಿದಳು. ಮಿಲ್ಲು ಎಂದೊಡನೆ ಸೀತಕ್ಕ ಸಿಕ್ಕರು.

ಹುಮ್ಮಸ್ಸಿನಲ್ಲಿ ನಾನು ಹಲಸಿನ ಮರ ಎಂದು ಬರೆದು ಹುಡುಕಿದೆ. ಚಕ್ರ ಸುತ್ತಿತು, ನನಗೆ ಎಂದಿನ ಮಂಪರು ಕವಿಯಿತು, ಕಣ್ಣು ಬಿಟ್ಟಾಗ ತೆರೆಯ ಮೇಲೆ ಸರಸ್ವತಿಯ ಹೆಸರಿತ್ತು. ಕನಸೇ ಇರಬೇಕೆಂದುಕೊಂಡು ಸ್ವಲ್ಪ ಹೊತ್ತು ಅಲುಗಾಡದೆ ಕುಳಿತೆ. ಆಕೆಯ ಸಾಲು ಮೂರು ರೂಪಗಳಲ್ಲಿತ್ತು. ನಮ್ಮ ತಿರುವಿನಲ್ಲಿದ್ದ ಹಲಸಿನ ಮರದ ಹತ್ತಿರ ಎಡಕ್ಕೆ ಎಂದು ಮೊದಲನೆಯದು. ಮರ ಗಾಳಿಗೆ ಬಿದ್ದ ಮೇಲೆ, ಕಂದು ನಾಯಿ ಮಲಗಿರುವಲ್ಲಿ ಎಡಕ್ಕೆ ಎಂದು ಎರಡನೆಯದು. ನಾಯಿಯೂ ಹೋದ ಮೇಲೆ ಹಾಸಿಗೆಯಿಂದಲೇ ಫೋನು ಮಾಡಿ ಹೇಳಿದ್ದಿರಬೇಕು, ಬರೆದುಕೊಂಡವರು ಆಕೆಯ ಮಾತನ್ನು ಹಾಗೆಯೇ ಇಳಿಸಿದ್ದರು: "ಜಗುಲಿಯಲ್ಲಿ ಒಬ್ರು ಪೇಪರ್ ಹಿಡ್ಕೊಂಡು ಕೂತಿರ್ತಾರೆ. ಹಾರನ್ ಹೊಡೆದ್ರೂ ಏಳಲ್ಲ. ಅದೇ ಮನೆ."

ನಕ್ಕೆ, ಆಮೇಲೆ ಅಳು ಬಂತು. ಪಕ್ಕದಲ್ಲಿದ್ದ ದೇಚಮ್ಮ ತೆರೆಯನ್ನೂ ನನ್ನನ್ನೂ ನೋಡಿ, ತೋಟದ ಕಡೆ ಮುಖ ತಿರುಗಿಸಿ ಕುಳಿತಳು.

ಸಮಸ್ಯೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಹಿಂದಿನ ಕೋಷ್ಟಕದಲ್ಲಿ ಹಳೆಯ ಪದಗಳಷ್ಟೇ ಅಲ್ಲ, ಹೋದವರೂ ಇದ್ದಾರೆ. ಹುಡುಕಿದಾಗ ಅವರೂ ಎದ್ದು ಬಂದರೆ, ವ್ಯಾನು ಯಾರದೋ ಸೂತಕದ ಮನೆಯ ಮುಂದೆ ನಿಂತು, ಪೇಷಂಟ್ ಹೇಗಿದ್ದಾರೆಂದು ಕೇಳುತ್ತದೆ. ಅತ್ತ ಇನ್ನೊಬ್ಬ ಸೀತಕ್ಕ ಕಾಯುತ್ತಿರುತ್ತಾರೆ. ಹಳೆಯ ಮಾತಿಗೆ ಬೆಲೆ ಇರಲಿ, ಆದರೆ ಈಗಲೂ ಇರುವವರು ಮಾತ್ರ ಸಿಗಲಿ: ಅದೇ ನಿಯಮವಾಗಬೇಕು. ನಿಯಮ ಸರಿಯಾಗಿ ನಡೆಯುತ್ತದೆಂದು ತಿಳಿಯಲು ಒಂದು ಪರೀಕ್ಷೆ ಬೇಕು, ಪರೀಕ್ಷೆಗೆ ಹೋದವರೊಬ್ಬರ ಹೆಸರು ಬೇಕು.

"ಸಾರ್, ಬೇರೆ ಯಾರದಾದ್ರೂ ಹೆಸರು ಹಾಕಿ ಇದೊಂದು ನಾನೇ ಬರ್ಕೊಳ್ತೇನೆ. ನೀವು ಬಿಡಿ," ಎಂದಳು ದೇಚಮ್ಮ.

"ಬೇಡಮ್ಮ. ನಾನೇ ಬರೀತೀನಿ."

ಬರೆದೆ. ಹುಡುಕುವ ಪದ: ಸರಸ್ವತಿ, ಹಲಸಿನ ಮರ. ನಿರೀಕ್ಷಿತ ಫಲಿತಾಂಶ: ಯಾರೂ ಸಿಗಬಾರದು.

ಎಷ್ಟೋ ಉತ್ತರಪತ್ರಿಕೆಗಳನ್ನು ತಿದ್ದಿದ ಕೈ ಇದು. ಯಾರೊಬ್ಬರೂ ಫೇಲಾಗಲಿ ಎಂದು ಎಂದೂ ಬಯಸಿದ್ದಿಲ್ಲ. ಮರುದಿನ ದೇಚಮ್ಮ ತಿದ್ದಿ ಕೊಟ್ಟ ತಂತ್ರಾಂಶದೆದುರು ಕುಳಿತು, ಆ ಚಕ್ರ ಸುತ್ತುವಷ್ಟು ಹೊತ್ತು, ಈ ಪರೀಕ್ಷೆ ಫೇಲಾಗಲಿ ಎಂದು ಮನಸಾರೆ ಬಯಸಿದೆ. ಅಂದು ನಿದ್ರೆ ಬರಲಿಲ್ಲ. ತೆರೆ ಖಾಲಿಯಾಗಿ, ಯಾರೂ ಸಿಗಲಿಲ್ಲವೆಂಬ ಒಂದು ಸಾಲು ಬಂತು. ಎದುರಿಗೆ ಪಾಸ್ ಎಂದು ಗುರುತು ಹಾಕಿದೆ.

ಆಕೆಯ ಸಾಲುಗಳು ಹಿಂದೆ ಹಾಗೆಯೇ ಇವೆ, ಯಾರೂ ಅಳಿಸುವುದಿಲ್ಲ ಎಂದು ದೇಚಮ್ಮ ಎರಡೆರಡು ಸಲ ಹೇಳಿ ಹೋದಳು. ಒಳ್ಳೆಯ ಹುಡುಗಿ.

ಇಂದು ಬೆಳಿಗ್ಗೆ ಜಗುಲಿಯಲ್ಲಿ ಪೇಪರ್ ಹಿಡಿದು ಕುಳಿತಿದ್ದೆ. ತಿರುವಿನಲ್ಲಿ ವ್ಯಾನು ಹಾರನ್ ಮಾಡಿತು, ತಿರುವಿನಲ್ಲಿ ಎಲ್ಲರೂ ಮಾಡುವಂತೆ. ನಾನು ಪೇಪರ್ ಕೆಳಗಿಟ್ಟು ಎದ್ದು ನಿಂತೆ. ಒಳಗಿದ್ದ ನರ್ಸು ಕೈಬೀಸಿದಳು. ವ್ಯಾನು ನಿಲ್ಲಲಿಲ್ಲ, ನಿಲ್ಲಬಾರದೆಂದು ಬರೆದುಕೊಟ್ಟವನು ನಾನೇ. ಆದರೂ ಅದು ಮಿಲ್ಲಿನ ಕಡೆ ತಿರುಗಿ ಮರೆಯಾಗುವವರೆಗೆ ನಿಂತೇ ಇದ್ದೆ.